ಮುಚ್ಚದೆ ಇಟ್ಟ ವಿಮಾನ

ಬ್ಲಾಕ್ ರಾಯರು ತೀರಿಕೊಂಡ ಸುದ್ದಿ ಪೇಪರಿನಲ್ಲಿ ಬಂತು. ಫೋಟೋ ಚೆನ್ನಾಗಿ ಬಂದಿರಲಿಲ್ಲ. ಮೂಗು ಒಂದು ಕಡೆ, ಮೀಸೆ ಒಂದು ಕಡೆ, ನಡುವೆ ಮಸಿ ಮೆತ್ತಿದ ಹಾಗೆ. ಊರಿನ ಎಷ್ಟೋ ಜನರ ಮುಖವನ್ನು ಇದೇ ಪೇಪರಿಗಾಗಿ ತಗಡಿನ ಮೇಲೆ ಎಬ್ಬಿಸಿ ಕೊಟ್ಟ ಮನುಷ್ಯ. ಅವರದೇ ಮುಖ ಹೀಗೆ. ಬದುಕಿದ್ದು ನೋಡಿದ್ದರೆ ಪೇಪರ್ ಮಡಚಿ ನನ್ನ ಮುಂದೆ ಎಸೆದು, "ಇದಕ್ಕ ಕೆಲಸ ಅಂತಾರೇನ?" ಎನ್ನುತ್ತಿದ್ದರು. ಆ ಪೇಪರಿನಲ್ಲಿ ನಾನು ರೊಟ್ಟಿ ಸುತ್ತಲಿಲ್ಲ, ಅಷ್ಟೇ. ತೆಗೆದಿಡಲೂ ಇಲ್ಲ.

ನಾನು ಅಕ್ಷರ ಕಲಿತದ್ದು ತಲೆ ನರೆತ ಮೇಲೆ. ಸುತ್ತಿ ಬಳಸಿ ಬರೆಯಲು ಬರುವುದಿಲ್ಲ. ಅವರ ಮನೆಯಲ್ಲಿ ಬಹಳ ವರ್ಷ ರೊಟ್ಟಿ ಬಡಿದೆ, ನೆಲ ಒರೆಸಿದೆ. ಅವರ ವಿಷಯ ನನಗೆ ಗೊತ್ತಿರುವಷ್ಟನ್ನು ಹೇಳುತ್ತೇನೆ. ಹೆಸರು ಬೇಡ. ಹೆಸರು ಹಿಡಿದು ಅವರನ್ನು ಯಾರೂ ಕರೆಯುತ್ತಿರಲಿಲ್ಲ.

ಬ್ಲಾಕ್ ಎಂದರೆ ಈಗಿನವರಿಗೆ ತಿಳಿಯುವುದಿಲ್ಲ. ಹಿಂದೆ ಪ್ರೆಸ್ಸಿನಲ್ಲಿ ಅಕ್ಷರಗಳನ್ನು ಒಂದೊಂದಾಗಿ ಕೈಯಿಂದ ಜೋಡಿಸುತ್ತಿದ್ದರು. ಚಿತ್ರ ಅಚ್ಚಾಗಬೇಕಾದರೆ ಅದನ್ನು ಫೋಟೋದ ಹಾಗೆ ಸತುವಿನ ತಗಡಿನ ಮೇಲೆ ಇಳಿಸಿ, ತಗಡನ್ನು ಆಸಿಡ್ಡಿನಲ್ಲಿ ಮುಳುಗಿಸುವುದು. ಬೇಡದ್ದನ್ನು ಆಸಿಡ್ ತಿನ್ನುತ್ತದೆ, ಬೇಕಾದ ಗೆರೆ ಉಬ್ಬಿ ನಿಲ್ಲುತ್ತದೆ. ಆ ತಗಡೇ ಬ್ಲಾಕ್. ಲಗ್ನಪತ್ರಿಕೆಯ ಗಣಪತಿ, ಇಲೆಕ್ಷನ್ನಿಗೆ ನಿಂತವರ ಮುಖ, ಸತ್ತವರ ಮುಖ, ಎಲ್ಲವನ್ನೂ ರಾಯರು ಮಾಡಿದ್ದರು. ಅವರ ಬೆರಳ ತುದಿಗಳು ಕೊನೆಯವರೆಗೂ ಹಳದಿಯಾಗಿಯೇ ಉಳಿದವು. ಹೊಸ ಮಷೀನುಗಳು ಬಂದು ಆ ಕೆಲಸ ನಿಂತ ಮೇಲೆ ನಮ್ಮ ಕಲಬುರಗಿಯ ಕಪನೂರಿನ ಒಂದು ವರ್ಕ್‌ಶಾಪಿನಲ್ಲಿ ಮೋಟಾರುಗಳಿಗೆ ಬಡಿಯುವ ಹಿತ್ತಾಳೆಯ ಹೆಸರುಪಟ್ಟಿಗಳನ್ನು ಅದೇ ಆಸಿಡ್ಡಿನಲ್ಲಿ ಮಾಡಿದರು. ಅದೂ ಮುಗಿದ ಮೇಲೆ ಮನೆಯಲ್ಲಿ ಕುಳಿತರು. ಮದುವೆ ಆಗಿರಲಿಲ್ಲ. ಯಾಕೆಂದು ಕೇಳಿದರೆ, "ಆ ವಾಸನಿಗೆ ಯಾವಾಕಿ ಬರ್ತಾಳ?" ಎನ್ನುತ್ತಿದ್ದರು. ಖರೆಯೋ ಸುಳ್ಳೋ ನಾನು ಕೆದಕಲಿಲ್ಲ.

ವಿಮಾನದ ಹುಚ್ಚು ಹತ್ತಿದ್ದು ಆಮೇಲೆ. ಹುಚ್ಚು ವಿಮಾನದ್ದಲ್ಲ, ಅದನ್ನು ಮೊದಲೇ ಹೇಳುತ್ತೇನೆ. ಹೈದರಾಬಾದಿನ ಫುಟ್‌ಪಾತಿನಲ್ಲಿ ಯಾರೋ ಹಳೆ ಸಾಮಾನು ಮಾರುತ್ತಿದ್ದರಂತೆ. ಅದರಲ್ಲಿ ಒಂದು ಡಬ್ಬಿ. ಒಳಗೆ ಪ್ಲಾಸ್ಟಿಕ್ಕಿನ ಬಿಡಿಭಾಗಗಳು, ಅಂಟಿಸಿದರೆ ಗೇಣುದ್ದದ ವಿಮಾನ ಆಗುತ್ತದೆ. ಅವುಗಳ ಕೆಳಗೆ ಅಂಗೈಯಗಲದ ಒಂದು ಹಿತ್ತಾಳೆ ಹಾಳೆ. ಹಾಳೆಯ ತುಂಬ ಎಳ್ಳಿನಷ್ಟು, ಸಾಸಿವೆಯಷ್ಟು ಚೂರುಗಳು: ಓಡಿಸುವವನ ಕುರ್ಚಿಯ ಪಟ್ಟಿ, ಪಟ್ಟಿಯ ಬಕಲು, ಹಿಡಿಕೆ, ಕಾಲಿಡುವ ಮೆಟ್ಟು. ಅದನ್ನು ಬೆಳಕಿಗೆ ಹಿಡಿದು ನೋಡಿದಾಗ ರಾಯರಿಗೆ ಗೊತ್ತಾಯಿತಂತೆ, ಅದು ಆಸಿಡ್ಡಿನಲ್ಲಿ ಎದ್ದ ಕೆಲಸ ಎಂದು.

"ನನ್ನ ಕೆಲಸ ಸತ್ತಿಲ್ಲ ಅಂತ ಅವತ್ತ ಗೊತ್ತಾತು ನೋಡು," ಎಂದು ನನಗೆ ಹೇಳಿದ್ದರು. "ಪರದೇಶದಾಗ ಬದಕೇದ. ಸಣ್ಣದಾಗ್ಯದ, ಖರೆ, ಆದ್ರ ಬದಕೇದ."

ಊರಿಗೆ ವಿಮಾನ ನಿಲ್ದಾಣ ಬಂದಾಗ ನಾನು, "ಒಮ್ಮಿ ಹತ್ತಿ ಬರ್ರಿ ರಾಯರ, ಮುಂಜಾನಿಂದ ಸಂಜಿತನಕ ಬರೇ ವಿಮಾನ ಅಂತೀರಿ," ಎಂದೆ. "ಒಳಗ ಕುಂತ್ರ ವಿಮಾನ ಎಲ್ಲಿ ಕಾಣತದ?" ಎಂದರು. ಹತ್ತಲಿಲ್ಲ.

ನಾನು ಅವರ ಮನೆಗೆ ಹೋದದ್ದು ಹೀಗೆ. ಗಂಡ ಸತ್ತ ಮೇಲೆ ನಂದೂರಿನ ದಾಲ್ ಮಿಲ್ಲಿನಲ್ಲಿ ಬೇಳೆ ಆರಿಸುತ್ತಿದ್ದೆ. ಮೊಣಕಾಲು ಹೋದವು. ಆಮೇಲೆ ಮನೆಯಲ್ಲೇ ರೊಟ್ಟಿ ಬಡಿದು ಮಾರತೊಡಗಿದೆ. ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ರಾಯರಿಗೆ ಎರಡು ಕೋಣೆಯ ಬಾಡಿಗೆ ಮನೆ. ಖಾನಾವಳಿ ಊಟದಿಂದ ಹೊಟ್ಟೆ ಕೆಟ್ಟಿತ್ತು. ನನ್ನನ್ನು ಕರೆದು ಮನೆಗೇ ಬಂದು ಮಾಡುತ್ತೀಯಾ ಎಂದರು. ಜನಿವಾರ ಕಂಡಿತು. ನಾನು ಮೊದಲೇ ಕೇಳಿದೆ.

"ನಾವು ಯಾರು ಅಂತ ಕೇಳಂಗಿಲ್ಲೇನ್ರಿ?"

"ರೊಟ್ಟಿ ತೆಳ್ಳಗ ಬಡೀತೀಯೋ ಇಲ್ಲೋ?"

"ಬಡೀತೀನ್ರಿ."

"ಮತ್ತ ಏನ್ ಕೇಳಬೇಕು?"

ಆದರೂ ನಾನು ಹೇಳಿದೆ. ನಾವು ಮನೆಯಲ್ಲಿ ಬುದ್ಧನ ಫೋಟೋ ಇಟ್ಟವರು, ತವರು ಕಮಲಾಪುರ, ಊರ ಹೊರಗಿನ ಕೇರಿ. ಕಮಲಾಪುರ ಎಂದೊಡನೆ ರಾಯರು ನಕ್ಕರು. ಅವರದೂ ಅದೇ ಊರು, ಗುಡಿಯ ಮಗ್ಗುಲಿನ ಪೂಜಾರಿ ಮನೆತನ. ಒಂದೇ ಊರು, ಬಾವಿ ಎರಡು. ಅವತ್ತಿನಿಂದ ನನ್ನ ಹೆಸರು "ಏ ಕಮಲಾಪುರದಾಕಿ" ಎಂದೇ ಆಯಿತು.

ಅವರು ಕೆಲಸಕ್ಕೆ ಕುಳಿತುಕೊಳ್ಳುವುದನ್ನು ಹೇಳಬೇಕು. ಮೇಜಿನ ಮೇಲೆ ಒಂದು ಬಿಳಿ ಟೈಲ್ಸು. ಅದರ ಮೇಲೆ ಹಿತ್ತಾಳೆ ಹಾಳೆ ಇಟ್ಟು ಬ್ಲೇಡಿನಿಂದ ಒಂದು ಚೂರನ್ನು ಬಿಡಿಸುವುದು. ಅಂಚನ್ನು ಅರದಿಂದ ಎರಡೇ ಸಲ ತೀಡುವುದು. ಕಡ್ಡಿಯ ತುದಿಗೆ ಮೇಣ ಹಚ್ಚಿ ಆ ಚೂರನ್ನು ಎತ್ತುವುದು, ಏಕೆಂದರೆ ಚಿಮಟಿಗೆಯಲ್ಲಿ ಹಿಡಿದರೆ ಸಿಡಿದು ಹೋಗುತ್ತದೆ. ಸೂಜಿಯ ಮೊನೆಯಿಂದ ಅಂಟನ್ನು ಮುಟ್ಟಿಸುವುದು. ಆಮೇಲೆ ಕೂಡಿಸುವುದು. ಕೂಡಿಸುವಾಗ ಕೆಳತುಟಿ ಒಳಗೆ ಎಳೆದುಕೊಂಡು ಉಸಿರು ಹಿಡಿಯುತ್ತಿದ್ದರು. ಎಡಗೈಯ ಕಿರುಬೆರಳು ಮೇಲೆ ಏಳುತ್ತಿತ್ತು. ಆ ಬೆರಳು ಎದ್ದಿತೆಂದರೆ ಮನೆಯಲ್ಲಿ ಯಾರೂ ಮಾತಾಡಬಾರದು, ಪಾತ್ರೆ ಇಡಬಾರದು. ಅಂಟು ಹಿಡಿದ ಮೇಲೆ ಉಸಿರು ಬಿಡುವುದು. ಆಗ ನಾನೂ ಬಿಡುತ್ತಿದ್ದೆ, ಯಾಕೋ ಗೊತ್ತಿಲ್ಲ.

ಒಮ್ಮೆ ನಾನು ಬೆರಳು ನೋಡದೆ ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟೆ. ಘಾಟು ಎದ್ದಿತು. ರಾಯರು ಸೀನಿದರು. ಬಕಲು ಹಾರಿತು.

"ಏ ಕಮಲಾಪುರದಾಕಿ, ಕೊಂದೀ ನೋಡು!"

"ಬ್ಯಾಳಿಗೆ ಒಗ್ಗರಣಿ ಬ್ಯಾಡೇನ್ರಿ ಮತ್ತ?"

"ಬಕಲು ಎಲ್ಲಿ ಹೋತು ಹೇಳು."

"ನಿಮ್ಮ ಮೂಗಿನಾಗಿಂದ ಹೋಗೇದ, ನನಗೇನ್ ಗೊತ್ತು?"

ಚೂರು ಬಿದ್ದ ದಿನ ಕಸ ಹೊಡೆಯುವಂತಿರಲಿಲ್ಲ. ಟಾರ್ಚನ್ನು ನೆಲಕ್ಕೆ ಮಲಗಿಸಿ ಹಚ್ಚುತ್ತಿದ್ದರು. ಆಗ ಸಕ್ಕರೆ ಕಾಳಿಗೂ ಉದ್ದ ನೆರಳು ಬರುತ್ತದೆ. ಇಬ್ಬರೂ ಮುದಿಪ್ರಾಣಿಗಳು ಮೊಣಕಾಲೂರಿ ಹುಡುಕಿದೆವು. ಸಿಗಲಿಲ್ಲ. ಅವತ್ತು ಬೇಳೆ ಸಾರಿನಲ್ಲಿ ಏನೋ ಹಲ್ಲಿಗೆ ಹತ್ತಿತೆಂದು ಬಾಯಿಂದ ತೆಗೆದು ಭೂತಗನ್ನಡಿ ಹಿಡಿದು ನೋಡಿದರು. ಜೀರಿಗೆ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಬಕಲು ಅವರದೇ ಧೋತರದ ಮಡಿಕೆಯಲ್ಲಿ ಇತ್ತು, ಒಗೆಯುವಾಗ ನನಗೆ ಚುಚ್ಚಿತು.

ಆ ಮನೆಗೆ ಜನ ಬರುವುದು ನಿಂತದ್ದು ಫ್ಯಾನಿನಿಂದ. ಕಲಬುರಗಿಯ ಬೇಸಿಗೆಯಲ್ಲಿ ಗೋಡೆಗೆ ಬೆನ್ನು ಕೊಟ್ಟರೆ ಹಂಚಿಗೆ ಕೊಟ್ಟ ಹಾಗೆ. ಅಂಥದರಲ್ಲಿ ಅವರ ಮನೆಯಲ್ಲಿ ಫ್ಯಾನ್ ಬಂದ್, ಕಿಟಕಿ ಬಂದ್. ಗಾಳಿ ಬಂದರೆ ಚೂರುಗಳು ಹಾರುತ್ತವೆ. ಹಳೆಯ ಪ್ರೆಸ್ಸಿನ ಗೆಳೆಯರು ಬಂದು ಕುಳಿತು, ಕುತ್ತಿಗೆ ಒರೆಸಿಕೊಂಡು, ಫ್ಯಾನಿನ ಕಡೆ ನೋಡಿ, ಗುಂಡಿಯ ಕಡೆ ನೋಡಿ ಎದ್ದು ಹೋಗುತ್ತಿದ್ದರು. ಮೊದಲು ವಾರಕ್ಕೊಮ್ಮೆ ಬಂದರು. ಆಮೇಲೆ ಹಬ್ಬಕ್ಕೆ ಬಂದರು. ಆಮೇಲೆ ಬಜಾರಿನಲ್ಲಿ ಸಿಕ್ಕರೆ, "ಹ್ಯಾಂಗದಾರ ನಿಮ್ಮ ರಾಯರು?" ಎಂದು ನನ್ನನ್ನು ಕೇಳಿದರು. ನಾನು ಒಲೆಯ ಮುಂದೆ ಬೆಳೆದವಳು, ನನಗೆ ಸೆಕೆ ಲೆಕ್ಕಕ್ಕಿಲ್ಲ. ಹಾಗಾಗಿ ನಾನೊಬ್ಬಳು ಉಳಿದೆ.

ಬರದೆ ಹೋದವರಲ್ಲಿ ಒಬ್ಬರು ಮಾತ್ರ ಫ್ಯಾನಿನ ಕಾರಣಕ್ಕೆ ಬರದವರಲ್ಲ. ರಾಯರ ಅಣ್ಣ. ಕಮಲಾಪುರದ ಮನೆಯಲ್ಲಿ ಇದ್ದು ಗುಡಿಯ ಪೂಜೆ ನಡೆಸಿಕೊಂಡು ಬಂದವರು. ಅಣ್ಣ ಪೂಜೆಗೆ ನಿಂತದ್ದರಿಂದ ತಮ್ಮನಿಗೆ ಬ್ಲಾಕಿನ ಕೆಲಸ ಕಲಿಯಲು ಹೊರಗೆ ಹೋಗಲಿಕ್ಕೆ ಆಯಿತು. ರಾಯರು ಏನೇ ಹೊಸ ಬ್ಲಾಕ್ ಮಾಡಿದರೂ ಅದರ ಮೊದಲ ಅಚ್ಚನ್ನು ಬಸ್ಸಿನಲ್ಲಿ ಹೋಗಿ ಅಣ್ಣನಿಗೆ ತೋರಿಸುತ್ತಿದ್ದರಂತೆ. ಅಣ್ಣ ಭೂತಗನ್ನಡಿ ಹಿಡಿದು ತಪ್ಪು ಹುಡುಕುತ್ತಿದ್ದರಂತೆ. ಸಿಕ್ಕೇ ಸಿಗುತ್ತಿತ್ತಂತೆ.

ಒಂದು ಸಲದ್ದನ್ನು ರಾಯರು ನಕ್ಕು ನಕ್ಕು ಹೇಳುತ್ತಿದ್ದರು. ಬ್ಲಾಕಿನಲ್ಲಿ ಚಿತ್ರ ಉಲ್ಟಾ ಇರಬೇಕು, ಅಂದರೆ ಅಚ್ಚಿನಲ್ಲಿ ಸೀದಾ ಬರುತ್ತದೆ. ಯಾರದೋ ಲಗ್ನಪತ್ರಿಕೆಗೆ ಗಣಪತಿ ಮಾಡುವಾಗ ಅದನ್ನು ಮರೆತಿದ್ದರು. ಸೊಂಡಿಲು ಬಲಕ್ಕೆ ಬಂತು. ಅಣ್ಣ ನೋಡಿ ಕಿವಿ ಹಿಂಡಿದರಂತೆ. "ಬಲಮುರಿ ಗಣಪತಿ ತಂದಿಟ್ಟೀಯಲ್ಲೋ ತಮ್ಮಾ, ಅದರ ಮಡಿ ಯಾರು ಮಾಡಬೇಕು, ಬೀಗರು ಮಾಡ್ತಾರೇನು?"

"ನನ್ನ ಕೆಲಸದಾಗ ತಪ್ಪು ಹಿಡಿಯೋ ಮನಷ್ಯಾ ಅಂವ ಒಬ್ಬನ," ಎನ್ನುತ್ತಿದ್ದರು ರಾಯರು. "ಉಳದವರೆಲ್ಲ ಛಂದ ಅದ ಅಂತಾರ, ಚಹಾ ಕುಡೀತಾರ, ಹೋಗ್ತಾರ."

ಆ ಅಣ್ಣ ಬರುವುದು ಬಿಟ್ಟದ್ದು ನನ್ನ ರೊಟ್ಟಿಯಿಂದ. ಕಲಬುರಗಿಯಲ್ಲಿ ಯಾರಿಗೂ ನನ್ನ ಕೇರಿ ಗೊತ್ತಿರಲಿಲ್ಲ, ಕಮಲಾಪುರದಲ್ಲಿ ಗೊತ್ತಿತ್ತು. ತಂದೆಯ ಶ್ರಾದ್ಧಕ್ಕೆ ರಾಯರು ಹೋದಾಗ ಅಣ್ಣ, ಆಕೆಯ ಕೈಯ ಅಡಿಗೆ ಉಣ್ಣುವುದನ್ನು ಬಿಟ್ಟರೆ ಒಳಗೆ ಬಾ, ಇಲ್ಲವಾದರೆ ಪಡಸಾಲೆಯಲ್ಲಿ ಕುಳಿತುಕೋ ಎಂದರಂತೆ. ರಾಯರು ಪಡಸಾಲೆಯಲ್ಲೂ ಕೂಡದೆ ಬಸ್ಸು ಹಿಡಿದು ಬಂದರು. ಬಂದು ನನಗೆ, "ಹಸದೀನಿ, ಬಡಿ," ಎಂದರು. ಎರಡು ರೊಟ್ಟಿ ತಿಂದ ಮೇಲೆ ವಿಷಯ ಹೇಳಿದರು. ನನ್ನ ರೊಟ್ಟಿಗೆ ಇಬ್ಬರು ಅಣ್ಣತಮ್ಮಂದಿರನ್ನು ಬೇರೆ ಮಾಡುವಷ್ಟು ಬಲ ಇದೆಯೆಂದು ನನಗೆ ಗೊತ್ತಿರಲಿಲ್ಲ. ನಾನು ಬಿಟ್ಟು ಹೋಗುತ್ತೇನೆ ಎಂದು ಹೇಳಲಿಲ್ಲ. ಅವರೂ ಹೋಗು ಎನ್ನಲಿಲ್ಲ. ಅಣ್ಣ ಕೆಟ್ಟವರೆಂದೂ ನಾನು ಹೇಳುವುದಿಲ್ಲ. ಅವರು ನಡೆದ ದಾರಿ ಅದೊಂದೇ.

ಆಮೇಲೆ ಬಂದದ್ದು ಆ ಕೊನೆಯ ವಿಮಾನ. ಎರಡಂತಸ್ತಿನ ರೆಕ್ಕೆಯ ಹಳೆ ಕಾಲದ್ದು. ಈ ವಿಮಾನಗಳ ಮೈ ಎರಡು ಹೋಳಾಗಿ ಇರುತ್ತದೆ, ಶೇಂಗಾ ಕಾಯಿಯ ಸಿಪ್ಪೆಯ ಹಾಗೆ. ಮೊದಲು ಒಳಗಿನದನ್ನೆಲ್ಲ ಅಂಟಿಸಬೇಕು, ಆಮೇಲೆ ಎರಡು ಹೋಳನ್ನು ಮುಚ್ಚಬೇಕು. ಮುಚ್ಚಿದರೆ ಒಳಗಿನದು ಕಾಣುವುದಿಲ್ಲ. ಮೇಲಿನ ಸಣ್ಣ ಗಾಜಿನಿಂದ ಕುರ್ಚಿಯ ತಲೆ ಕಂಡರೆ ಕಂಡಿತು. ನಾನು ಮೊದಲನೆಯ ವಿಮಾನದಲ್ಲೇ ಕೇಳಿದ್ದೆ.

"ಮುಚ್ಚೂದಕ್ಕ ಇಷ್ಟು ಮಾಡತೀರಿ? ಯಾರ್ ನೋಡ್ತಾರ?"

"ಯಾರೂ ನೋಡಂಗಿಲ್ಲ."

"ಮತ್ತ?"

"ಮತ್ತೇನ್ ಇಲ್ಲ. ಒಳಗ ಅದ, ಅಷ್ಟ."

ಹಾಗೆ ಹೇಳುತ್ತಿದ್ದವರು ಈ ವಿಮಾನವನ್ನು ಮಾತ್ರ ಮುಚ್ಚಲಿಲ್ಲ. ಒಳಗಿನ ಕೆಲಸ ಮುಗಿದಿತ್ತು. ಎರಡು ಹೋಳೂ ಮೇಜಿನ ಮೇಲೆ ಅಂಗಾತ ಬಿದ್ದಿದ್ದವು, ಮೇಲೆ ಗಾಜಿನ ಬೋಗುಣಿ ಮುಚ್ಚಿತ್ತು. ಮಳೆಗಾಲ ಹೋಯಿತು, ದೀಪಾವಳಿ ಹೋಯಿತು. ದಿನವೂ ಬೋಗುಣಿ ತೆಗೆದು ನೋಡಿ ಮತ್ತೆ ಮುಚ್ಚುತ್ತಿದ್ದರು. ಹೊಸ ಡಬ್ಬಿ ತರಿಸಲಿಲ್ಲ. ಕೈ ನಡುಗಲು ಶುರುವಾಗಿತ್ತು. ಇದೇ ಕಡೆಯದು ಎಂದು ಅವರಿಗೂ ಗೊತ್ತಿತ್ತು, ನನಗೂ.

ಒಂದು ದಿನ ತಾವೇ ಹೇಳಿದರು. "ಇದರಾಗ ಒಂದು ತಪ್ಪದ."

"ಎಲ್ಲಿ?"

"ಕುರ್ಚಿಗೆ ಎರಡು ಭುಜದ ಪಟ್ಟಿ ಅವ ನೋಡು. ಎಡಗಡಿದು ಉಲ್ಟಾ ಕುಂತದ. ಕೈ ಹಳೆ ಚಾಳಿಗೆ ಹೋತು, ಬ್ಲಾಕ್ ಅಂತ ತಿಳಕೊಂಡು ತಿರುವಿ ಹಚ್ಚಿಬಿಟ್ಟೆ."

"ಕಿತ್ತಿ ಹಚ್ಚರಿ ಮತ್ತ."

"ಕೀಳಬಹುದು." ಬೋಗುಣಿ ಮುಚ್ಚಿದರು. "ಅಣ್ಣ ಹಿಡೀತಾನೇನು ನೋಡಬೇಕು."

ಅವರು ಕಾಯುತ್ತಿರುವುದು ಯಾರನ್ನು ಎಂದು ನನಗೆ ಆಗ ತಿಳಿಯಿತು. ಫೋನ್ ಮಾಡಿ ಕರೆಯಿರಿ ಎಂದೆ. ಅವನೇ ಮಾಡಲಿ ಎಂದರು. ಮುದುಕರಾದರೂ ಸಣ್ಣ ಹುಡುಗರ ಹಾಗೆ.

ನಾನು ತಂಗಿಯನ್ನು ನೋಡಲು ಕಮಲಾಪುರಕ್ಕೆ ಹೋದಾಗ ನೆಟ್ಟಗೆ ಅಣ್ಣನ ಮನೆಗೆ ಹೋದೆ. ಯಾರೂ ಹೇಳಿ ಕಳಿಸಿರಲಿಲ್ಲ. ಅಂಗಳದ ಹೊರಗೆ ಬೇವಿನ ಗಿಡದ ಕೆಳಗೆ ನಿಂತು ಕೂಗಿದೆ. ಅವರು ಕಟ್ಟೆಗೆ ಬಂದರು. ತಮ್ಮನದೇ ಮೂಗು, ಮೀಸೆ ಇಲ್ಲ.

"ಯಾರವಾ?"

"ನಿಮ್ಮ ತಮ್ಮಗ ರೊಟ್ಟಿ ಬಡಿಯಾಕೀರಿ."

ಅವರು ಒಳಗೆ ಹೋಗಲಿಲ್ಲ, ಬೈಯಲೂ ಇಲ್ಲ. "ಅರಾಮ ಇದ್ದಾನೇನು?" ಎಂದರು.

"ಅರಾಮ ಏನ್ರಿ, ಕೈ ನಡಗತಾವ. ಒಂದು ವಿಮಾನ ಮಾಡ್ಯಾರ. ನೀವು ಒಳಗ ನೋಡೂತನಕ ಮುಚ್ಚಂಗಿಲ್ಲ ಅಂತ ಕುಂತಾರ. ಮೇಜು ಒರಸಾಕ ಆಗವಲ್ದು ನನಗ. ಬಂದು ನೋಡಿ ಹೋಗ್ರಿ."

ಅವರು, "ನಾ ಬಂದ ದಿನ ನೀ ಮನಿಯೊಳಗ ಇರಬಾರದು," ಎಂದರು.

"ಇರಂಗಿಲ್ರೀ. ನನಗೂ ಒಂದಿನ ಸೂಟಿ ಬೇಕಾಗೇದ."

ಅವರ ತುಟಿ ಅಲುಗಿದ ಹಾಗಾಯಿತು. ನಕ್ಕರೋ ಇಲ್ಲವೋ ಹೇಳಲಾರೆ.

ಮರಳಿ ಬಂದು ಹೇಳಿದರೆ ರಾಯರಿಗೆ ಸಿಟ್ಟು ಬಂತು. "ನಿನಗ ಯಾರು ಹೋಗಂದ್ರು?" ಎಂದರು. "ನೀ ಯಾಕ ಹೊರಗ ಇರಬೇಕು? ಬರಬ್ಯಾಡ ಅಂತ ಹೇಳು ಅವಗ." ನಾನು ಹಿಟ್ಟು ನಾದುತ್ತ, "ನಾ ಹೊರಗ ಇದ್ದ ರೂಢಿ ಅದರೀ. ನೀವು ಒಳಗಿಂದು ತೋರಸ್ರಿ," ಎಂದೆ. ಮರುದಿನ ಅವರು ಗಡ್ಡ ಬೋಳಿಸಿಕೊಂಡರು. ಅದರ ಮರುದಿನವೂ ಬೋಳಿಸಿಕೊಂಡರು. ಅಣ್ಣ ಬಂದದ್ದು ಅದಾದ ವಾರದ ಮೇಲೆ. ಅಲ್ಲಿಯವರೆಗೂ ದಿನವೂ ಬೋಳಿಸಿಕೊಂಡರು.

ಅಣ್ಣ ಬೆಳಗಿನ ಬಸ್ಸಿಗೆ ಬಂದರು, ಕೈಯಲ್ಲಿ ತಮ್ಮದೇ ತಾಮ್ರದ ತಂಬಿಗೆ. ನಾನು ಎದುರು ಮನೆಯ ಕಟ್ಟೆಯ ಮೇಲೆ ಮೆಂತ್ಯೆ ಪಲ್ಯ ಸೋಸುತ್ತ ಕುಳಿತಿದ್ದೆ. ಮನೆಯೊಳಗೆ ಇರಬಾರದು ಎಂದಿದ್ದರು, ಓಣಿಯಲ್ಲಿ ಇರಬಾರದು ಎಂದಿರಲಿಲ್ಲ. ಬಾಗಿಲು ತೆರೆದಿತ್ತು. ರಾಯರು ಫ್ಯಾನ್ ಹಾಕಿದರು. ಆ ಫ್ಯಾನು ತಿರುಗಿದ್ದನ್ನು ನಾನು ಕಂಡದ್ದು ಅವತ್ತೇ. ಮೊದಲು ಧೂಳು ಉದುರಿತು, ಆಮೇಲೆ ಗಾಳಿ ಬಂತು.

"ಸೊರಗೀದಿ," ಎಂದರು ಅಣ್ಣ.

"ನೀನೂ."

"ಎಲ್ಲಿ ಅದನೋ ನಿನ್ನ ವಿಮಾನ?"

ರಾಯರು ಬೋಗುಣಿ ತೆಗೆದರು. ಎರಡು ಹೋಳನ್ನೂ ಟೈಲ್ಸಿನ ಸಮೇತ ಎತ್ತಿ ಅಣ್ಣನ ಮುಂದೆ ಇಟ್ಟರು. ಭೂತಗನ್ನಡಿಯನ್ನು ಅಂಗಿಯ ತುದಿಯಿಂದ ಒರೆಸಿ ಕೈಗೆ ಕೊಟ್ಟರು. ತಾವು ಗೋಡೆಗೆ ಒರಗಿ ನಿಂತರು. ಕೆಳತುಟಿಯನ್ನು ಒಳಗೆ ಎಳೆದುಕೊಂಡದ್ದು ನನಗೆ ಕಾಣುತ್ತಿತ್ತು.

ಅಣ್ಣ ಬಾಗಿದರು. ಬಹಳ ಹೊತ್ತು ಬಾಗಿಯೇ ಇದ್ದರು. ನಾನು ಪಲ್ಯ ಸೋಸುವುದನ್ನು ಬಿಟ್ಟೆ.

"ಛಂದ ಅದನೋ," ಎಂದರು.

"ತಪ್ಪು ಏನರ ಅದ ಏನು?"

"ಏನ್ ತಪ್ಪು?"

"ಸರಿಯಾಗಿ ನೋಡಣ್ಣಾ. ಕುರ್ಚಿ ಕಡೆ ನೋಡು."

ಅಣ್ಣ ಮತ್ತೆ ಬಾಗಿದರು. "ಇಲ್ಲಪ್ಪಾ," ಎಂದರು. "ತಪ್ಪು ಏನಿಲ್ಲ. ಭಾಳ ಛಂದ ಮಾಡೀದಿ."

ಇಬ್ಬರೂ ಊರ ಸುದ್ದಿ ಮಾತಾಡಿದರು: ಯಾರು ಸತ್ತರು, ಯಾರ ಬಾಳೆತೋಟ ಮಾರಾಟವಾಯಿತು. ತಂಬಿಗೆಯ ನೀರು ಕುಡಿದು ಅಣ್ಣ ಎದ್ದರು. ಹೊಸ್ತಿಲು ದಾಟಿ ಮೆಟ್ಟಿಲು ಇಳಿಯುವಾಗ ಒಂದು ಪಾದವನ್ನು ಮುಂದೆ ಚಾಚಿ, ನೆಲ ಎಲ್ಲಿದೆ ಎಂದು ತಡವಿದರು. ಒಮ್ಮೆ ತಡವಿ, ಮತ್ತೊಮ್ಮೆ ತಡವಿ, ಆಮೇಲೆ ಇಳಿದರು. ನಾನು ನೋಡಿದೆ. ಹಿಂದೆ ನಿಂತಿದ್ದ ರಾಯರೂ ನೋಡಿದರು. ಅಣ್ಣನ ಮೊಣಕೈ ಹಿಡಿದು ಓಣಿಯ ತುದಿಯವರೆಗೆ ಬಿಟ್ಟು ಬಂದರು.

ನಾನು ಒಳಗೆ ಹೋದಾಗ ಫ್ಯಾನ್ ಬಂದ್ ಆಗಿತ್ತು.

"ತಪ್ಪು ಹಿಡೀಲಿಲ್ಲ," ಎಂದರು.

"ಛಲೋ ಆತಲ್ಲ ಮತ್ತ."

"ಅವಗ ಕಾಣಸಲಿಲ್ಲ. ಪೊರಿ ಬಂದಾವ ಕಣ್ಣಾಗ. ಹೇಳಲಿಲ್ಲ ನನಗ." ಭೂತಗನ್ನಡಿ ಎತ್ತಿಕೊಂಡು, "ನಾನೂ ಕೇಳಲಿಲ್ಲ," ಎಂದರು.

ಭೂತಗನ್ನಡಿ ನನ್ನ ಕಡೆ ಚಾಚಿದರು. "ನೀ ನೋಡು."

"ನನಗೇನ್ ತಿಳೀತದರೀ ಅದರಾಗ?"

"ತಿಳೀಬ್ಯಾಡ. ನೋಡು, ಅಷ್ಟ. ಇವತ್ತ ಮುಚ್ಚತೀನಿ."

ಕೈ ಒರೆಸಿಕೊಂಡು ನೋಡಿದೆ. ಅಷ್ಟು ವರ್ಷ ಆ ಮೇಜಿನ ಸುತ್ತ ಒರೆಸಿದವಳು, ಗಾಜು ಹಿಡಿದು ನೋಡಿದ್ದು ಅದೊಂದೇ ಸಲ. ಉಗುರಿನಷ್ಟು ಕುರ್ಚಿ. ಬೆತ್ತದ ಹೆಣಿಕೆ ಕೂಡ ಕಾಣುತ್ತಿತ್ತು. ಎದುರಿಗೆ ನಾಲ್ಕಾರು ಗಡಿಯಾರ, ಒಂದೊಂದರಲ್ಲೂ ಮುಳ್ಳು. ಬಲಗಡೆ ಒಂದು ಹಿಡಿಕೆ, ಕೆಳಗೆ ಕಾಲಿಡುವ ಎರಡು ಮೆಟ್ಟು, ಮೆಟ್ಟಿನ ಮೇಲೆ ಜಾರದ ಹಾಗೆ ಗೀರು. ಕುರ್ಚಿಯ ಮೇಲಿಂದ ಎರಡು ಪಟ್ಟಿ ಇಳಿಬಿದ್ದಿದ್ದವು. ಯಾರೋ ಈಗಷ್ಟೇ ಬಿಚ್ಚಿಟ್ಟು ಎದ್ದು ಹೋದ ಹಾಗೆ. ಉಲ್ಟಾ ಯಾವುದು, ಸೀದಾ ಯಾವುದು ನನಗೆ ಗೊತ್ತಾಗಲಿಲ್ಲ. ಅದನ್ನೂ ಹೇಳಿದೆ. ಆಮೇಲೆ ಕೇಳಿದೆ.

"ಯಾರೂ ಕುಂತಿಲ್ಲಲ್ರೀ ಇದರಾಗ?"

"ಡಬ್ಬಿಯಾಗ ಒಬ್ಬ ಮನಷ್ಯಾನ್ನ ಕೊಟ್ಟಿರತಾರ. ನಾ ಕೂಡಸಂಗಿಲ್ಲ."

"ಯಾಕ?"

"ಮನಷ್ಯಾನ್ನ ಕೂಡಿಸಿದ್ರ ಪಟ್ಟಿ ಕಾಣಂಗಿಲ್ಲ."

ಅಂಟು ಸವರಿ ಎರಡು ಹೋಳನ್ನೂ ಕೂಡಿಸಿದರು. ದಾರ ಸುತ್ತಿದರು. ಕೈ ಅವತ್ತು ನಡುಗಲಿಲ್ಲ. ಕಿರುಬೆರಳೂ ಏಳಲಿಲ್ಲ.

ಅವರು ಹೋದದ್ದು ಈ ಸಲದ ಮಳೆಗಾಲದಲ್ಲಿ. ಜ್ವರ ಬಂತು, ಆಸ್ಪತ್ರೆಗೆ ಹಾಕಿದೆವು, ಬರಲಿಲ್ಲ. ಅಣ್ಣನ ಮಗ ಬಂದು ಎಲ್ಲ ಮಾಡಿದ. ಒಳ್ಳೆಯ ಹುಡುಗ. ಮನೆ ಖಾಲಿ ಮಾಡುವಾಗ ಕಪಾಟಿನ ವಿಮಾನಗಳನ್ನು ಓಣಿಯ ಮಕ್ಕಳಿಗೆ ಹಂಚಿದ. ಮಕ್ಕಳು ಗಾಳಿಯಲ್ಲಿ ಹಾರಿಸಿ ಸಂಜೆಯೊಳಗೆ ಮುರಿದರು. ನಿನಗೇನು ಬೇಕು ಎಂದು ನನ್ನನ್ನು ಕೇಳಿದ. ನಾನು ರೊಟ್ಟಿಯ ಹಂಚು ತೆಗೆದುಕೊಂಡೆ, ಅದು ಒಳ್ಳೆಯ ಹಂಚು. ಮತ್ತೆ ಆ ಕೊನೆಯ ವಿಮಾನ ತೆಗೆದುಕೊಂಡೆ. ನನಗಲ್ಲ. ಮಾಡಿದ್ದು ಒಬ್ಬರಿಗೆ ತೋರಿಸಲೆಂದು, ಅವರ ಮನೆಯಲ್ಲೇ ಇರಲಿ ಎಂದು.

ಹೋದ ವಾರ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಕಮಲಾಪುರದ ಬಸ್ಸು ಹತ್ತಿದೆ. ಬೇವಿನ ಗಿಡದ ಕೆಳಗೆ ನಿಂತು ಕೂಗಿದೆ. ಅಣ್ಣ ಹೊರಗೆ ಬಂದರು. ಈಗ ಕಣ್ಣಿಗೆ ಹೊಸ ಚಷ್ಮಾ ಇತ್ತು. ತಮ್ಮನ ಕರ್ಮಾಂತರ ಮುಗಿದ ಮೇಲೆ ಮಗ ಒತ್ತಾಯ ಮಾಡಿ ಪೊರೆ ತೆಗೆಸಿದನಂತೆ. ದೂರದಿಂದಲೇ ನನ್ನ ಗುರುತು ಹಿಡಿದರು.

"ಮ್ಯಾಲ ಬಾ," ಎಂದರು. "ಅಲ್ಲಿ ನಿಂತು ಮಾತಾಡಿದ್ರ ನನಗ ಕೇಳಸಂಗಿಲ್ಲ."

ಕಿವಿಯ ಕಾರಣವೋ ಬೇರೆಯದೋ ನಾನು ಕೇಳಲಿಲ್ಲ. ಮೊಣಕಾಲು ನೋಯುತ್ತಿತ್ತು, ಹೋಗಿ ಕಟ್ಟೆಯ ಮೇಲೆ ಕುಳಿತೆ. ವಿಮಾನವನ್ನು ಅವರ ಮುಂದೆ ಇಟ್ಟೆ.

ಎತ್ತಿಕೊಂಡು ಬಿಸಿಲಿಗೆ ಹಿಡಿದರು. ಗಾಜಿನ ಹತ್ತಿರ ಕಣ್ಣು ತಂದರು. ಹೊರಳಿಸಿ ಹೊಟ್ಟೆ ನೋಡಿದರು, ಮತ್ತೆ ಮೇಲಿನಿಂದ ನೋಡಿದರು.

"ಮುಚ್ಚಿಬಿಟ್ಟಾನ," ಎಂದರು.

"ನೀವು ಬಂದು ಹೋದ ದಿನಾನ ಮುಚ್ಚಿದ್ರು."

"ಅವತ್ತ ನನಗ ಏನೂ ಕಾಣಲಿಲ್ಲ. ಬರೇ ಮಬ್ಬು ಮಬ್ಬು." ವಿಮಾನವನ್ನು ತೊಡೆಯ ಮೇಲೆ ಇಟ್ಟುಕೊಂಡರು. "ಬೇಜಾರ ಆಗತದ ಅಂತ ಛಂದ ಅದ ಅಂದೆ. ಅವಗ ಗೊತ್ತಾಗಿತ್ತೇನು?"

ಇಲ್ಲ ಎನ್ನಬಹುದಿತ್ತು. ನನಗೆ ಹಾಗೆ ಬರುವುದಿಲ್ಲ.

"ಗೊತ್ತಾಗಿತ್ತರೀ. ಒಳಗ ಒಂದು ತಪ್ಪಿತ್ತು. ಗೊತ್ತಿದ್ದೂ ಹಂಗ ಬಿಟ್ಟಿದ್ರು, ನೀವು ಹಿಡೀತೀರಂತ."

"ಎಂಥಾ ತಪ್ಪು?"

"ಎಡಗಡಿ ಭುಜದ ಪಟ್ಟಿ ಉಲ್ಟಾ ಕುಂತಿತ್ತು."

ಅವರು ವಿಮಾನದ ಎಡ ಮಗ್ಗುಲನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದರು. ಆಮೇಲೆ ಅವರ ದನಿ ಏರಿತು.

"ಗೊತ್ತಿದ್ದೂ ಬಿಟ್ಟಾನ? ಪಟ್ಟಿ ಉಲ್ಟಾ ಅಂದ್ರ ಬಕಲು ಒಳಗ ಬರ್ತದ, ಹಾಕ್ಕೊಳ್ಳಾಂವ ಹ್ಯಾಂಗ ಹಾಕ್ಕೋಬೇಕು? ಕಿತ್ತಿ ಹಚ್ಚಬೇಕಿಲ್ಲೇನು? ಇಷ್ಟು ವರ್ಷ ಮಾಡ್ಯಾನ, ಇಷ್ಟು ತಿಳೀಲಿಲ್ಲೇನು ಅವಗ? ಮಂಗ್ಯಾ! ಯಾರರ ಹಿಡೀತಾರಂತ ತಪ್ಪನ್ನ ಒಳಗ ಇಟ್ಟು ಕಾಯ್ತಾರೇನು..."

ಬಹಳ ಹೊತ್ತು ಬೈದರು. ಅದೆಲ್ಲ ರಾಯರು ಕೇಳಬೇಕಾಗಿದ್ದ ಮಾತು. ಅವರು ಇರಲಿಲ್ಲ. ಕಟ್ಟೆಯ ಮೇಲೆ ನಾನಿದ್ದೆ. ಮುಗಿಯುವವರೆಗೂ ಕುಳಿತು ಕೇಳಿದೆ.